ತಲೆದೆಸೆಯಲ್ಲಿ ಕೂತವಳು

ಎಡತೋಳು ಸಲೀಸಾಗಿ ಹೋಯಿತು, ಬಲತೋಳು ಹಟ ಹಿಡಿಯಿತು. ರೇವಾಯಿ ಹೆಣದ ಬೆನ್ನಿಗೆ ತನ್ನ ಮೊಣಕಾಲು ಆನಿಸಿ ಮೇಲೆತ್ತಿ, ಕಂದು ಹೂವಿನ ಗೌನಿನ ತೋಳನ್ನು ಇನ್ನೊಮ್ಮೆ ಎಳೆದಳು. "ಸ್ವಲ್ಪ ಕೈ ಸಡಿಲ ಬಿಡಿ ಅಕ್ಕ," ಎಂದು ಗದರಿದಳು. ಸತ್ತವರನ್ನು ಗದರಬಾರದು ಎಂದು ಅವಳಿಗೂ ಗೊತ್ತಿತ್ತು. ಆದರೆ ಇಪ್ಪತ್ತಾರು ವರ್ಷ ಒಂದೇ ಒಲೆಯಲ್ಲಿ ಬೇಯಿಸಿ ಉಂಡವಳ ಜೊತೆ ಇವತ್ತೊಂದು ದಿನ ನಯವಾಗಿ ಮಾತಾಡಲು ಅವಳ ನಾಲಿಗೆ ಒಪ್ಪಲಿಲ್ಲ.

ಬಾಗಿಲಿನ ಬೆಳಕು ಮುಚ್ಚಿಕೊಂಡಿತು.

"ನಿಲ್ಸು ರೇವಾಯಿ. ಅದನ್ನ ತೊಡಿಸ್ಬೇಡ."

ಮಾಯಿ ಮುತ್ಸಾಗೊ, ಎಂದರೆ ಮುತ್ಸಾಗೊ ಅಮ್ಮ, ನಿಂತಿದ್ದಳು. ಮಿಷನ್ ಚರ್ಚಿನ ಹೆಂಗಸರ ಪ್ರಾರ್ಥನಾ ಸಂಘಕ್ಕೆ ಅವಳು ಹದಿನೆಂಟು ವರ್ಷದಿಂದ ಅಧ್ಯಕ್ಷೆ. ಕೆಂಪು ರವಿಕೆ, ಕಪ್ಪು ಲಂಗ, ಬಿಳಿ ಟೋಪಿ. ಗಂಜಿ ಹಾಕಿದ ಕಾಲರು ಅವಳ ಕತ್ತನ್ನು ಅತ್ತಿತ್ತ ತಿರುಗಲು ಬಿಡುತ್ತಿರಲಿಲ್ಲ. ಬೆನ್ನ ಹಿಂದೆ ಅದೇ ವೇಷದ ಇನ್ನೂ ಮೂವರು. ಅವಳ ಕೈಯಲ್ಲಿ ಮಡಿಸಿದ ಇನ್ನೊಂದು ಕೆಂಪು ರವಿಕೆ ಇತ್ತು, ನುಸಿಗುಳಿಗೆಯ ವಾಸನೆ ಅಡುಗೆಮನೆಯ ಗುಡಿಸಲನ್ನೆಲ್ಲ ತುಂಬಿಕೊಂಡಿತು.

"ಇದು ಮುಚನೇಟಾದೇ," ಎಂದಳು ಅಧ್ಯಕ್ಷೆ. "ಅವಳು ಬಿಚ್ಚಿಟ್ಟು ಹೋಗಿದ್ದು. ಇಷ್ಟು ವರ್ಷ ನನ್ನ ಟ್ರಂಕಲ್ಲೇ ಇತ್ತು. ಇವತ್ತು ಇದರಲ್ಲೇ ಹೋಗ್ಲಿ."

ಆ ಸೀಮೆಯ ಹೆಂಗಸರು ಜೀವಮಾನದಲ್ಲಿ ಎರಡು ಬಟ್ಟೆಗಳ ಬಗ್ಗೆ ತುಂಬ ಯೋಚಿಸುತ್ತಾರೆ: ಮದುವೆಯದು ಮತ್ತು ಗುರುವಾರದ ಪ್ರಾರ್ಥನೆಯ ಕೆಂಪು ರವಿಕೆ. ಮದುವೆಯ ಬಟ್ಟೆಯನ್ನು ಯಾರಿಂದಲಾದರೂ ಕೇಳಿ ತರಬಹುದು. ರವಿಕೆಯನ್ನು ಪಾದ್ರಿ ಎಲ್ಲರೆದುರು ತೊಡಿಸಬೇಕು, ಮಣ್ಣಿಗೆ ಹೋಗುವುದೂ ಅದರಲ್ಲೇ. ರವಿಕೆ ಇದ್ದವಳು ಸತ್ತರೆ ಗಂಟೆ ಹೊಡೆಯುತ್ತದೆ, ಪೆಟ್ಟಿಗೆ ಚರ್ಚಿನೊಳಗೆ ಹೋಗುತ್ತದೆ, ನೂರು ಹೆಂಗಸರು ಹಾಡುತ್ತಾರೆ. ಇಲ್ಲದವಳು ತನ್ನ ಹಟ್ಟಿಯ ಹಿಂದೆ ಸುಮ್ಮನೆ ಹೋಗುತ್ತಾಳೆ. ಮುಚನೇಟಾ ರವಿಕೆ ಬಿಟ್ಟಿದ್ದು ಯಾಕೆ ಎಂದು ಸುತ್ತಮುತ್ತಲ ಊರಿಗೆಲ್ಲ ಗೊತ್ತಿತ್ತು. ಆ 'ಯಾಕೆ' ಈಗ ಅವಳ ಹೆಣವನ್ನು ಮೊಣಕಾಲ ಮೇಲೆ ಆನಿಸಿಕೊಂಡು ಕೂತಿತ್ತು.

"ಆದ್ರೆ ಮೂರು ಮಾತಿದೆ," ಎಂದಳು ಮಾಯಿ ಮುತ್ಸಾಗೊ.

"ಹೇಳಿ ಮಾಯಿ."

"ಈ ರವಿಕೆ ತೊಟ್ಟವಳ ತಲೆದೆಸೇಲಿ ಸಂಘದವರು ಕೂರ್ಬೇಕು. ನೀನು ಕೂರೋ ಹಾಗಿಲ್ಲ, ಹೊರಗೆ ಕಟ್ಟಿಗೆ ರಾಶಿ ಹಿಂದೆ ಇರು. ಚರ್ಚಲ್ಲಿ ಅವಳ ಜೀವನ ಓದ್ತಾರಲ್ಲ, ಅದರಲ್ಲಿ ತೊಬಾಯಸ್ ಹೆಂಡತಿ ಅಂತ ಅವಳೊಬ್ಬಳ ಹೆಸರೇ ಬರುತ್ತೆ. ನಿನ್ನ ನೋಯಿಸ್ಬೇಕು ಅಂತಲ್ಲ. ಪಟ್ಟಣದಿಂದ ದೊಡ್ಡ ಪಾದ್ರಿಗಳು ಬರ್ತಿದಾರೆ. ನಿಯಮ ಅಂದ್ರೆ ನಿಯಮ."

"ಮೂರನೇದು?"

"ಅದನ್ನ ಎನೋಕನ ಹತ್ರ ಮಾತಾಡಿ ಆಗಿದೆ."

ಎನೋಕ ಮುಚನೇಟಾಳ ಮಗ, ಮಿಷನ್ ಶಾಲೆಯ ಹೆಡ್‌ಮಾಸ್ಟರು. ಅವನು ಒಪ್ಪಿದ್ದಾನೆಂದರೆ ತಾನು ಕೇಳುವುದೇನಿದೆ ಎಂದುಕೊಂಡಳು ರೇವಾಯಿ. ಅವಳ ಕಣ್ಣು ಕೆಂಪು ಬಟ್ಟೆಯ ಮೇಲೇ ಇತ್ತು. ಪ್ರತಿ ಗುರುವಾರ ಎರಡು ಗಂಟೆಗೆ ಚರ್ಚಿನ ಗಂಟೆ ಕೇಳಿದಾಗ ಅಕ್ಕ ಹೊಲದಲ್ಲಿ ಸೊಂಟ ನೇರ ಮಾಡಿ ನಿಲ್ಲುತ್ತಿದ್ದಳು. ರಸ್ತೆಯಲ್ಲಿ ಕೆಂಪು ರವಿಕೆಗಳು ದಾಟುವವರೆಗೂ ನೋಡುತ್ತಿದ್ದಳು. ಆಮೇಲೆ ಗುದ್ದಲಿ ಎತ್ತಿದರೆ ನೆಲಕ್ಕೆ ಪೆಟ್ಟು ಬೀಳುವ ರೀತಿಯೇ ಬೇರೆ. ಆ ನೋಟ ರೇವಾಯಿಯ ಎದೆಯಲ್ಲಿ ಇಪ್ಪತ್ತಾರು ವರ್ಷ ಕೂತಿತ್ತು. ಒಂದು ದಿನದ ಮಟ್ಟಿಗೆ ಕಟ್ಟಿಗೆ ರಾಶಿಯ ಹಿಂದೆ ಕೂತರೆ ಅದು ತೀರುತ್ತದೆ ಎನ್ನುವುದಾದರೆ, ಕೂತರಾಯಿತು.

"ತೊಡಿಸಿ," ಎಂದು ಎದ್ದು, ಕಂದು ಗೌನನ್ನು ಗೂಟಕ್ಕೆ ಹಾಕಿ ಹೊರಗೆ ನಡೆದಳು.

*

ತೊಬಾಯಸ್ ಗಣಿಯ ಊರಿನಿಂದ ರೇವಾಯಿಯನ್ನು ಎರಡನೆಯವಳಾಗಿ ಕರೆತಂದ ದಿನ, ಮುಚನೇಟಾ ಬಾಗಿಲಲ್ಲಿ ನಿಂತು ನೋಡಿದಳು. ಒಳಗೆ ಹೋಗಿ ಕುದಿಯುವ ಗಂಜಿಯ ಪಾತ್ರೆ ತಂದು ಹೊಸಬಳ ಕಾಲಿಗೆ ಗುರಿಯಿಟ್ಟು ಸುರಿದಳು. ಕಾಲು ಸುಡದೆ ಉಳಿದದ್ದು ಗುರಿ ತಪ್ಪಿದ್ದರಿಂದ, ಕರುಣೆಯಿಂದಲ್ಲ. ಮುಂದೆ ನಾಲ್ಕು ವರ್ಷ ಅವಳು ರೇವಾಯಿಯ ಹತ್ತಿರ ಹೇಳಬೇಕಾದ್ದನ್ನೆಲ್ಲ ಕೋಳಿಗಳಿಗೆ ಹೇಳಿದಳು. "ನೀರಿನ ಕೊಡ ಖಾಲಿ ಇದೆ ಅಂತ ಗೊತ್ತಾಗಲ್ವೇನೇ ಹುಂಜ?" ರೇವಾಯಿ ಕೊಡ ಎತ್ತಿಕೊಂಡು ಹೋಗುತ್ತಿದ್ದಳು.

ಬಾವಿ ಇದ್ದದ್ದು ಚರ್ಚಿನ ಪಕ್ಕದಲ್ಲೇ. ಗುರುವಾರ ನೀರು ಸೇದುವಾಗ ಒಳಗಿನಿಂದ ಮುಚನೇಟಾಳ ದನಿ ಕೇಳುತ್ತಿತ್ತು. "ಆ ಹೆಂಗಸನ್ನ ನನ್ನ ಹಟ್ಟಿಯಿಂದ ತೆಗಿ ಸ್ವಾಮಿ!" ನೂರು ಹೆಂಗಸರು ಆಮೆನ್ ಎನ್ನುತ್ತಿದ್ದರು. ತುಂಬಿದ ಕೊಡ ಹೊತ್ತುಕೊಂಡು ರೇವಾಯಿ ಆ ಆಮೆನ್‌ಗಳ ನಡುವೆಯೇ ಮನೆಗೆ ಬರುತ್ತಿದ್ದಳು. ಅವಳ ಹೆಸರಿನ ಅರ್ಥವೇ 'ಆಡಿಕೊಳ್ಳಿ' ಎಂದು. ನೆರೆಯವರ ಬಾಯಿಗೆ ರೋಸಿ ಅವಳ ಅಮ್ಮ ಇಟ್ಟದ್ದು. ಮುಚನೇಟಾ ಎಂದರೆ 'ನೀವೇ ದಣಿಯುತ್ತೀರಿ'. ಇಂಥ ಎರಡು ಹೆಸರು ಒಂದೇ ಹಟ್ಟಿಗೆ ಬಂದು ಸೇರಿದ್ದು ಯಾರ ಹಣೆಬರಹವೋ.

ಗಣಿಯ ಧೂಳು ತೊಬಾಯಸ್‌ನ ಎದೆಯನ್ನು ತಿಂದು ಮುಗಿಸಿತು. ಅವನನ್ನು ಹೂಳಿದ ಮೂರನೆಯ ದಿನ ಸಂಘದವರು ಬಂದರು. ದೇವರು ದಾರಿ ತೆರೆದಿದ್ದಾನೆ, ಗಂಡನೇ ಇಲ್ಲದ ಮೇಲೆ ಸವತಿ ಎಲ್ಲಿಯವಳು, ಇನ್ನು ಕಳಿಸಿಬಿಡು ಎಂದರು. ಮುಚನೇಟಾ ಆಗಲಿ ಎಂದಳು. ತಾನೇ ಗಂಟು ಕಟ್ಟಿದಳು, ತಾನೇ ತಲೆಯ ಮೇಲೆ ಹೊತ್ತಳು. ರೇವಾಯಿ ಮೂರು ವರ್ಷದ ಮಗಳ ಕೈ ಹಿಡಿದು, ಎಳೆಯದನ್ನು ಬೆನ್ನಿಗೆ ಕಟ್ಟಿಕೊಂಡು ಹಿಂದೆ ನಡೆದಳು. ಹೋಗುವುದಾದರೂ ಎಲ್ಲಿಗೆ ಎಂದು ಅವಳಿಗೆ ಗೊತ್ತಿರಲಿಲ್ಲ.

ಬಸ್ಸು ಬರುವಷ್ಟರಲ್ಲಿ ಎರಡು ಗಂಟೆ ಕಳೆಯಿತು. ಮರದ ಕೆಳಗೆ ಇಬ್ಬರೂ ಮಾತಿಲ್ಲದೆ ಕೂತಿದ್ದರು, ಮಾತಾಡಿಸಲು ಅಲ್ಲಿ ಕೋಳಿಯೂ ಇರಲಿಲ್ಲ. ಕೂಸು ಅಳತೊಡಗಿತು. ಸಾವಿನ ಮನೆಯಲ್ಲಿ ಉಣ್ಣದೆ ರೇವಾಯಿಯ ಹಾಲು ಬತ್ತಿತ್ತು. ಮುಚನೇಟಾ ಸ್ವಲ್ಪ ಹೊತ್ತು ಕೇಳಿದಳು, ಕಿವಿ ಮುಚ್ಚಿಕೊಂಡಳು, ಕೊನೆಗೆ ಮಡಿಲಿನಿಂದ ಬೇಯಿಸಿದ ಗೆಣಸು ತೆಗೆದು ಹಿಸುಕಿ ಕೂಸಿನ ಬಾಯಿಗಿಟ್ಟಳು. ಅದು ಅವಳ ಬೆರಳನ್ನೂ ಸೇರಿಸಿ ಚೀಪಿತು. ಅವಳು ಬೆರಳು ಎಳೆದುಕೊಳ್ಳಲಿಲ್ಲ.

ಬಸ್ಸು ಬಂತು. ಕಂಡಕ್ಟರು ಗಂಟನ್ನು ಮೇಲಕ್ಕೆ ಹಾಕಿದ. ರೇವಾಯಿ ಒಂದು ಕಾಲು ಮೆಟ್ಟಿಲ ಮೇಲೆ ಇಟ್ಟಿದ್ದಳು.

"ಇಳ್ಸು," ಎಂದಳು ಮುಚನೇಟಾ.

"ಏನನ್ನ?"

"ಗಂಟು ಇಳ್ಸು ಅಂದೆ. ಕಿವಿ ಕೇಳ್ಸಲ್ವೇನಯ್ಯಾ? ಯಾರೂ ಬರಲ್ಲ, ನಡಿ."

ಕಂಡಕ್ಟರು ಬೈದುಕೊಂಡೇ ಇಳಿಸಿದ. ಮುಚನೇಟಾ ಗಂಟನ್ನು ತಲೆಗೇರಿಸಿ ಬಂದ ದಾರಿಯಲ್ಲೇ ಹೊರಟಳು, ತಿರುಗಿ ನೋಡಲಿಲ್ಲ. ಹಿಂದೆ ಹೋಗಬೇಕೋ ಬೇಡವೋ ತಿಳಿಯದೆ ರೇವಾಯಿ ಸ್ವಲ್ಪ ದೂರ ಬಿಟ್ಟು ನಡೆದಳು. ಹಟ್ಟಿಯ ಬಾಗಿಲಲ್ಲಿ ಮುಚನೇಟಾ ನಿಂತು, ನಾಲ್ಕು ವರ್ಷದಲ್ಲಿ ಮೊದಲ ಬಾರಿಗೆ ನೇರವಾಗಿ ಅವಳ ಮುಖ ನೋಡಿ ಎರಡು ಮಾತಾಡಿದಳು: "ಒಲೆ ಹಚ್ಚು."

ಆ ಗುರುವಾರ ಅವಳು ಪ್ರಾರ್ಥನೆಗೆ ಕೆಂಪಿನಲ್ಲಿ ಹೋದಳು, ಬರುವಾಗ ಮೈಮೇಲೆ ಒಳ ಅಂಗಿಯೂ ಶಾಲೂ ಮಾತ್ರ ಇದ್ದವು. "ರವಿಕೆ ಬಿಗಿಯಾಗಿತ್ತು, ಕೊಟ್ಟುಬಿಟ್ಟೆ," ಎಂದಳು. ಅದಕ್ಕಿಂತ ಹೆಚ್ಚು ಯಾವತ್ತೂ ಹೇಳಲಿಲ್ಲ. ಭಾನುವಾರಗಳಲ್ಲಿ ಮಾತ್ರ ತಪ್ಪದೆ ಹೋಗಿ ಚರ್ಚಿನ ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದಳು. ಅವಳ ಪಕ್ಕದ ಜಾಗ ಯಾವಾಗಲೂ ಖಾಲಿ ಇರುತ್ತಿತ್ತು. "ಒಳ್ಳೇದೇ ಆಯ್ತು, ಕಾಲು ಚಾಚ್ಬಹುದು," ಎನ್ನುತ್ತಿದ್ದಳು.

*

ಮಧ್ಯಾಹ್ನದ ಹೊತ್ತಿಗೆ ಅಂಗಳ ತುಂಬಿತು. ಬಂದವರೆಲ್ಲ ಕೈ ಹಿಡಿದು "ಸಂಕಟ ಬಂತಲ್ಲ" ಎನ್ನುವರು, ಮನೆಯವರು "ಕಂಡೆವಪ್ಪ" ಎನ್ನುವರು. ದೊಡ್ಡ ಹಂಡೆಗಳಲ್ಲಿ ಮೆಕ್ಕೆಜೋಳದ ಮುದ್ದೆ ತಿರುವುತ್ತಿದ್ದರು, ಇನ್ನೊಂದು ಕಡೆ ಎಲೆಕೋಸು ಬೇಯುತ್ತಿತ್ತು. ಅಡುಗೆಮನೆಯಲ್ಲಿ ಮುಚನೇಟಾ ಕೆಂಪು ರವಿಕೆ ತೊಟ್ಟು ಚಾಪೆಯ ಮೇಲೆ ಮಲಗಿದ್ದಳು. ತಲೆದೆಸೆಯಲ್ಲಿ ನಾಲ್ಕು ಬಿಳಿ ಟೋಪಿಗಳು.

ರೇವಾಯಿ ಕೈತೊಳೆಯುವ ಬೋಗುಣಿ ಹಿಡಿದು ಗಂಡಸರ ಬಳಿಗೆ ಹೋದಾಗ ಎನೋಕ ಮರದ ಕೆಳಗೆ ನಿಂತು ಒಂದು ಕಾಗದವನ್ನು ಪಾದ್ರಿಗೆ ಓದಿ ತೋರಿಸುತ್ತಿದ್ದ. ಕೋಟಿನ ಗುಂಡಿಯನ್ನೆಲ್ಲ ಹಾಕಿಕೊಂಡು ಬೆವರುತ್ತಿದ್ದ.

"'...ನನ್ನ ತಾಯಿ ಕೊನೆಯ ದಿನಗಳಲ್ಲಿ ತನ್ನ ತಪ್ಪನ್ನು ಒಪ್ಪಿಕೊಂಡಳು. ಆ ಹೆಂಗಸನ್ನು ಮನೆಯಲ್ಲಿ ಇಟ್ಟುಕೊಂಡದ್ದಕ್ಕೆ ಪಶ್ಚಾತ್ತಾಪಪಟ್ಟಳು. ಅವಳ ಪರವಾಗಿ ನಾನು ಸಭೆಯ ಕ್ಷಮೆ ಬೇಡುತ್ತೇನೆ.'"

"ಚೆನ್ನಾಗಿದೆ," ಎಂದರು ಪಾದ್ರಿ. "ಇಷ್ಟು ಸಾಕು."

ಬೋಗುಣಿಯ ನೀರು ರೇವಾಯಿಯ ಕಾಲಿಗೆ ಚೆಲ್ಲಿತು. ಪಾದ್ರಿ ಅತ್ತ ಹೋಗುವವರೆಗೂ ಅವಳು ಕಾದಳು.

"ಎನೋಕ, ಅಕ್ಕ ಇದನ್ನ ಯಾವಾಗ ಹೇಳಿದ್ರು?"

"ಆಸ್ಪತ್ರೇಲಿ, ಚಿಕ್ಕಮ್ಮ. ನೀವು ಆಡು ನೋಡ್ಕೊಂಡು ಬರ್ತೀನಿ ಅಂತ ಊರಿಗೆ ಬಂದಿದ್ರಲ್ಲ, ಅವತ್ತು." ಅವನು ಕಾಗದ ಮಡಿಸುತ್ತಲೇ ಮಾತಾಡಿದ. "ನೀವು ಮನಸ್ಸಿಗೆ ಹಚ್ಕೋಬೇಡಿ. ಒಂದು ಗಂಟೆ ಹೊತ್ತು, ಮುಗಿದು ಹೋಗುತ್ತೆ."

ಅವಳು ಕಟ್ಟಿಗೆ ರಾಶಿಯ ಹಿಂದೆ ಹೋಗಿ ಕೂತಳು. ತನ್ನ ಹೆಸರು ಬಿಡಲಿ, ತನ್ನ ಹೆಣ್ಣುಮಕ್ಕಳ ಹೆಸರೂ ಬಿಡಲಿ, ಅದೆಲ್ಲ ಹೇಗೋ ನುಂಗಬಹುದು. ಆದರೆ ಅಕ್ಕ ಸಾಯುವ ಮುಂಚೆ ತನ್ನನ್ನು ಮನೆಯಲ್ಲಿಟ್ಟುಕೊಂಡದ್ದಕ್ಕೆ ಮರುಗಿದಳು ಎಂದರೆ? ಆ ಒಲೆ, ಇಬ್ಬರೂ ಸೇರಿ ಬೆಳೆದ ಆ ನೆಲಗಡಲೆ, ಒಂದೇ ಕಂಬಳಿಯಲ್ಲಿ ಕಳೆದ ಚಳಿಗಾಲಗಳು, ಎಲ್ಲ ಒಂದು ತಪ್ಪಿನ ಕತೆಯಾದವೇ? ಅವಳಿಗೆ ಅಳುವೂ ಬರಲಿಲ್ಲ. ನೆಲಕ್ಕೆ ಉಗುರು ಊರಿಕೊಂಡು ಕೂತಳು.

ಅಷ್ಟರಲ್ಲಿ ಅಂಗಳದಲ್ಲಿ ನಗೆ ಎದ್ದಿತು. ಮುದುಕ ಮಶಾಯಾ ಶುರು ಮಾಡಿದ್ದ.

ಮಶಾಯಾ ಆ ಮನೆತನದ ಸಹ್ವಿರ, ತಾತಂದಿರ ಕಾಲದಿಂದ ನಡೆದು ಬಂದ ಗೆಳೆತನ ಅದು. ಸಾವಿನ ದಿನ ಸಹ್ವಿರನಾದವನು ಸತ್ತವರ ಬಟ್ಟೆ ಹಾಕಿಕೊಂಡು ಅವರಂತೆ ನಡೆದು ತೋರಿಸಬೇಕು, ಅವರ ಒಳ್ಳೆಯದನ್ನೂ ಕೆಟ್ಟದ್ದನ್ನೂ ಎಲ್ಲರೆದುರು ಆಡಿ ತೋರಿಸಬೇಕು. ಅದಕ್ಕೆ ಸಿಟ್ಟಾಗುವ ಹಕ್ಕು ಯಾರಿಗೂ ಇಲ್ಲ, ಪಾದ್ರಿಗೂ ಇಲ್ಲ. ಸುಳ್ಳು ಹೇಳುವ ಹಕ್ಕು ಸಹ್ವಿರನಿಗಿಲ್ಲ.

ಅವನು ಮುಚನೇಟಾಳ ರಬ್ಬರ್ ಬೂಟು ಮೆಟ್ಟಿ, ಅವಳ ಹುಲ್ಲಿನ ಟೋಪಿ ಹಾಕಿ, ಗುದ್ದಲಿ ಹೆಗಲಿಗೇರಿಸಿದ್ದ. ಬಲಭುಜ ಮುಂದೆ ಚಾಚಿ ಅವಳದೇ ಬಿರುಸಿನಲ್ಲಿ ಅಂಗಳ ಸುತ್ತಿದ. ನಿಂತು ಆಕಾಶ ನೋಡಿದ.

"ಏನಪ್ಪಾ, ಇವತ್ತೂ ಮೋಡ ತೋರ್ಸಿ ವಾಪಸ್ ಇಟ್ಕೊಂಡ್ಯಾ? ಯಾರಿಗೆ ಬಚ್ಚಿಡ್ತಿದೀಯ? ಪಾದ್ರಿ ಹೊಲಕ್ಕಾ?"

ಗಂಡಸರು ತೊಡೆ ತಟ್ಟಿಕೊಂಡರು. ಉಪ್ಪು ಹಾಕುವಾಗ ಎರಡೇ ಬೆರಳು ಅದ್ದುತ್ತಿದ್ದ ಜಿಪುಣತನ, ಉಪದೇಶ ಉದ್ದವಾದರೆ ಕೊನೆಯ ಬೆಂಚಿನಿಂದ ಬರುತ್ತಿದ್ದ ಗೊರಕೆ, ಅಳಿಯಂದಿರಿಗೆ ಕೋಳಿಯ ಕತ್ತನ್ನೇ ಬಡಿಸುತ್ತಿದ್ದದ್ದು, ಒಂದನ್ನೂ ಬಿಡಲಿಲ್ಲ. ರೇವಾಯಿಗೂ ನಗು ಬಂತು. ನಗುವಿನ ಜೊತೆ ಕಣ್ಣೀರು ಈಗ ಬಂತು.

ಆಮೇಲೆ ಮಶಾಯಾ ಹುಲ್ಲಿನ ಟೋಪಿ ತೆಗೆದು, ಒಂದು ಬಿಳಿ ತಟ್ಟೆಯನ್ನು ತಲೆಯ ಮೇಲೆ ಕವುಚಿಕೊಂಡು, ಕತ್ತನ್ನು ಕೋಲಿನಂತೆ ನೆಟ್ಟಗೆ ನಿಲ್ಲಿಸಿದ. ಅದು ಯಾರು ಎಂದು ಯಾರೂ ಕೇಳಬೇಕಾಗಲಿಲ್ಲ. ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದ ಮಾಯಿ ಮುತ್ಸಾಗೊ ಕೈ ಕಟ್ಟಿಕೊಂಡಳು.

"ಮೊನ್ನೆ ನೆಲಗಡಲೆ ಕೀಳೋ ಕಾಲ," ಎಂದ ಮಶಾಯಾ. "ರೇವಾಯಿ ಹಿಟ್ಟಿನ ಗಿರಣಿಗೆ ಹೋಗಿದ್ಲು. ನಾನು ಹೊಲದ ಬದುವಲ್ಲಿ ಮರದ ಕೆಳಗೆ ನೊಗ ಕೆತ್ತುತ್ತಿದ್ದೆ. ಕಡಲೆ ಕದಿಯಕ್ಕೆ ಕೂತಿದಾನೆ ಅಂತ ಮುಚನೇಟಾ ಅಂದ್ಕೊಂಡಿದ್ಲು, ಅದೂ ನಿಜಾನೇ ಅನ್ನಿ. ಆಗ ಇವರು ಬಂದ್ರು."

ತಟ್ಟೆ ಅಲ್ಲಾಡದಂತೆ ಮೆಲ್ಲಗೆ ನಡೆದ, ದನಿ ಸಣ್ಣಗೆ ಮಾಡಿದ. "'ಮುಚನೇಟಾ, ಡಾಕ್ಟರು ಏನಂದ್ರು ಅಂತ ಎನೋಕ ಹೇಳ್ದ. ನೋಡು, ತಪ್ಪಾಯ್ತು ಅಂತ ಒಂದು ಮಾತು ಅಂದ್ಬಿಡು. ರವಿಕೆ ನಾನೇ ಕೈಯಾರೆ ತೊಡಿಸ್ತೀನಿ. ಇಲ್ದಿದ್ರೆ ಗಂಟೆ ಇಲ್ದೆ, ಹಾಡಿಲ್ದೆ ಹೋಗ್ತೀಯಲ್ಲೇ. ಜನ ಏನಂತಾರೆ?'"

ತಟ್ಟೆ ತೆಗೆದು ಹುಲ್ಲಿನ ಟೋಪಿ ಹಾಕಿಕೊಂಡ. ಗುದ್ದಲಿಗೆ ಗದ್ದ ಊರಿ ನಿಂತ, ಮುಚನೇಟಾ ನಿಲ್ಲುತ್ತಿದ್ದಂತೆಯೇ. ಅಂಗಳದಲ್ಲಿ ನಗು ನಿಂತಿತು.

"'ರವಿಕೆ ಮೇಲೆ ನಂಗಾಸೆ ಇಲ್ವಾ? ಇದೆ. ನಿನ್ನ ಹತ್ರ ಯಾಕೆ ಸುಳ್ಳು. ಗಂಟೆ ಮೇಲೂ ಆಸೆ ಇದೆ. ಆದ್ರೆ ತಪ್ಪಾಯ್ತು ಅಂತ ಅಂದೆ ಅಂತಿಟ್ಕೋ. ನಾಳೆ ಆ ದೇವರ ಮುಂದೆ ನಿಲ್ತೀನಿ. ಮುಚನೇಟಾ, ಅವತ್ತು ಬಸ್ಸಿನ ಹತ್ರ ನಾನು ಹೇಳಿದ್ದನ್ನ ಮಾಡಿದ್ಯಲ್ಲ, ಅದನ್ನ ತಪ್ಪು ಅಂತ ಯಾಕಂದೆ ಅಂತ ಕೇಳ್ತಾನೆ. ಆಗ ನಾನು ಏನನ್ಲಿ? ಜನ ಏನಂತಾರೋ ಅಂತ ಅಂದೆ ಅನ್ಲಾ? ನಗಲ್ವೇನೇ ಅವನು?'"

ಮಶಾಯಾ ಬೂಟು ಕಳಚಿದ. ಬರಿಗಾಲಲ್ಲಿ ಬಾಗಿಲ ಹತ್ತಿರ ಹೋಗಿ ನಿಂತ. "ಮಾಯಿ, ಇದರಲ್ಲಿ ಒಂದು ಮಾತು ನಾನು ಸೇರಿಸಿದ್ರೆ, ಈಗಲೇ ಹೇಳಿ."

ಮಾಯಿ ಮುತ್ಸಾಗೊ ತನ್ನ ಕೈಗಳನ್ನೇ ನೋಡಿಕೊಂಡಳು. ತಿರುಗಿ ಒಳಗೆ ಹೋದಳು.

*

ಒಮ್ಮೆ ಕಳೆ ಕೀಳುತ್ತ ರೇವಾಯಿ ಕೇಳಿದ್ದಳು. ಕೇಳಬಾರದೆಂದು ಎಷ್ಟೋ ವರ್ಷ ತಡೆದುಕೊಂಡಿದ್ದ ಮಾತು.

"ಅಕ್ಕ, ಅವರು ಹೇಳೋದೇ ಸರಿ ಇದ್ರೆ? ದೇವರು ಅವರ ಕಡೆಗೇ ಇದ್ರೆ?"

ಮುಚನೇಟಾ ಕಳೆಯ ಬೇರಿನ ಮಣ್ಣು ಕೊಡವಿದಳು. ನಾಲ್ಕು ಗಿಡ ಕಿತ್ತ ಮೇಲೆ ಉತ್ತರ ಬಂತು.

"ಇದ್ರೂ ಇರ್ಬಹುದು. ಹಾಗಿದ್ರೆ ಅವನ ಹತ್ರಾನೇ ಬೈಸ್ಕೋತೀನಿ. ಈಗ ಇವರ ಹತ್ರ ಒಂದ್ಸಲ, ಆಮೇಲೆ ಅವನ ಹತ್ರ ಒಂದ್ಸಲ ಅಂತ ಎರಡೆರಡು ಸಲ ಯಾಕೆ?" ಮುಂದಿನ ಸಾಲಿಗೆ ದಾಟಿದಳು. "ನಿನ್ನ ಕಡೆ ಕಳೆ ಹಾಗೇ ಬಿಟ್ಟಿದೀಯ ನೋಡು. ಕುರುಡಿ."

*

ರೇವಾಯಿ ನೇರ ಎನೋಕನ ಬಳಿ ಹೋಗಿ ನಿಂತಳು.

"ಆಸ್ಪತ್ರೇಲಿ ಹೇಳಿದ್ರಾ ನಿಮ್ಮಮ್ಮ? ನನ್ನ ಮುಖ ನೋಡಿ ಹೇಳು."

ಐವತ್ತು ದಾಟಿದ ಹೆಡ್‌ಮಾಸ್ಟರು ಬೂಟಿನ ತುದಿ ನೋಡಿದ. "ಇಲ್ಲ ಚಿಕ್ಕಮ್ಮ."

"ಮತ್ತೆ?"

"ನಾನೂ ಈ ಚರ್ಚಿನ ಶಾಲೇಲೇ ಅನ್ನ ತಿನ್ನೋನು. ನಿಮ್ಮಮ್ಮಂಗೆ ರವಿಕೆ ಇಲ್ವಂತಲ್ಲ ಅಂತ ಇಪ್ಪತ್ತಾರು ವರ್ಷ ಕೇಳಿದೀನಿ. ಇವತ್ತೊಂದು ದಿನ ಗಂಟೆ ಹೊಡೀಲಿ ಅನ್ನಿಸ್ತು. ಅಮ್ಮಂಗೂ ಆಸೆ ಇತ್ತು. ಅದಂತೂ ಸುಳ್ಳಲ್ಲ."

ರೇವಾಯಿ ಅವನ ತೋಳು ಮುಟ್ಟಿದಳು, ಆದರೆ ನಿಲ್ಲಲಿಲ್ಲ. ಅಡುಗೆಮನೆಗೆ ನಡೆದಳು.

"ಎಲ್ಲರೂ ಎದ್ದು ಹೊರಗೆ ಬನ್ನಿ. ಅಕ್ಕನ ಬಟ್ಟೆ ಬದಲಿಸ್ಬೇಕು."

ಬಿಳಿ ಟೋಪಿಗಳು ಒಂದರ ಮುಖ ಒಂದು ನೋಡಿಕೊಂಡವು. "ಇದೇನು ಹೊಸ ಆಟ?" ಎಂದಳು ಒಬ್ಬಳು.

"ಆಟ ಅಲ್ಲ. ಈ ಒಲೆ ಅಕ್ಕಂದು. ಅಕ್ಕ ಹೋದ ಮೇಲೆ ನಂದು. ನನ್ನ ಅಡುಗೆಮನೇಲಿ ನಾನು ಏಳಿ ಅಂದ ಮೇಲೆ ಕೂತಿರೋ ಹೆಂಗಸು ಈ ಸೀಮೇಲಿ ಯಾರಿದಾರೆ, ನಾನೂ ನೋಡ್ತೀನಿ."

ಅದಕ್ಕೆ ಎದುರಾಡುವಂತಿರಲಿಲ್ಲ. ಆ ಸೀಮೆಯಲ್ಲಿ ಗಂಡನೂ ಹೆಂಡತಿಯ ಅಡುಗೆಮನೆಗೆ ಕೇಳಿಕೊಂಡು ಬರುತ್ತಾನೆ. ಮೂವರು ಎದ್ದು ಲಂಗ ಕೊಡವಿಕೊಂಡು ಹೋದರು. ಮಾಯಿ ಮುತ್ಸಾಗೊ ಮಾತ್ರ ಕೂತೇ ಇದ್ದಳು.

"ರವಿಕೆ ತೆಗೆದ್ರೆ ಗಂಟೆ ಇಲ್ಲ, ರೇವಾಯಿ. ಪಾದ್ರಿ ಗುಂಡಿ ಹತ್ರ ಬರಲ್ಲ."

"ಗೊತ್ತು."

"ಅವಳು ಆಸೆ ಪಟ್ಟಿದ್ಲು. ನಿನಗೂ ಗೊತ್ತು."

"ಗೊತ್ತು ಮಾಯಿ. ಆದ್ರೂ ತೆಗೀತೀನಿ." ಅವಳು ಮಂಡಿಯೂರಿ ಮೊದಲ ಗುಂಡಿಗೆ ಕೈ ಹಾಕಿದಳು. "ನನ್ನನ್ನ ಕಟ್ಟಿಗೆ ಹಿಂದೆ ಕೂರ್ಸಿದ್ರಿ, ಕೂತೆ. ನಾಯಿ ಗೂಡಲ್ಲಿ ಕೂರು ಅಂದಿದ್ರೂ ಕೂತಿರ್ತಿದ್ದೆ. ಆದ್ರೆ ಬಾಯಿ ಸತ್ತ ಮೇಲೆ ಅವರ ಬಾಯಲ್ಲಿ ನೀವು ಮಾತು ತುರುಕ್ತೀರಾ? ಆ ಸುಳ್ಳು ಹೊತ್ಕೊಂಡು ಅವರು ಅವನ ಮುಂದೆ ಹೋಗಿ ನಿಲ್ಬೇಕಾ? ನಾನಿರೋವಾಗ ಅದಾಗಲ್ಲ."

"ನಂಗೂ ಮುಚನೇಟಾಗೂ ಒಂದೇ ದಿನ ರವಿಕೆ ತೊಡಿಸಿದ್ರು," ಎಂದಳು ಮಾಯಿ ಮುತ್ಸಾಗೊ. "ನಮ್ಮ ಮನೆಗೂ ಒಬ್ಬಳು ಬಂದಿದ್ಲು. ನಾನು ಬಸ್ಸು ಹತ್ತಿಸ್ದೆ."

ರೇವಾಯಿ ಗುಂಡಿ ಬಿಚ್ಚುತ್ತಲೇ ಹೋದಳು. ಒಬ್ಬಳ ಕೈಯಲ್ಲಿ ಹೆಣ ಎತ್ತುವುದೂ ತೋಳು ಬಿಡಿಸುವುದೂ ಎರಡೂ ಆಗುವ ಕೆಲಸವಲ್ಲ. ಅವಳು ಒದ್ದಾಡುತ್ತಿದ್ದಾಗ ಇನ್ನೆರಡು ಕೈ ಬಂದು ಮುಚನೇಟಾಳ ಬೆನ್ನನ್ನು ಆನಿಸಿ ಹಿಡಿದವು. ರವಿಕೆ ಬಂತು, ಕಂದು ಗೌನು ಹೋಯಿತು, ಬಲತೋಳೂ ಈ ಸಲ ತಕರಾರು ಮಾಡಲಿಲ್ಲ. ಮಾಯಿ ಮುತ್ಸಾಗೊ ರವಿಕೆಯನ್ನು ಮಡಿಸಿ ಎದೆಗವುಚಿಕೊಂಡು ಹೊರಗೆ ಹೋದಳು. ರೇವಾಯಿ ತಲೆದೆಸೆಯಲ್ಲಿ ಕಾಲು ಚಾಚಿ ಕೂತಳು. ಪೆಟ್ಟಿಗೆ ತರುವವರೆಗೂ ಅಲ್ಲಿಂದ ಏಳಲಿಲ್ಲ.

ಹೊರಗೆ, ಹಟ್ಟಿಯ ಬಾಗಿಲಿನಿಂದ ರಸ್ತೆಯವರೆಗೆ, ಸಂಘದ ಹೆಂಗಸರು ಎರಡು ಸಾಲಾಗಿ ನಿಂತಾಗಿತ್ತು. ಪೆಟ್ಟಿಗೆಯನ್ನು ನಡುವೆ ಬರಮಾಡಿಕೊಂಡು ಹಾಡುತ್ತ ಮೊದಲು ಚರ್ಚಿಗೆ ಒಯ್ದು, ಆಮೇಲೆ ದಿಬ್ಬದ ಗುಂಡಿಗೆ ತರಬೇಕು. ಒಳಗೆ ನಡೆದದ್ದು ಸಾಲಿನ ಕೊನೆಯವರಿಗೆ ಇನ್ನೂ ತಲುಪಿರಲಿಲ್ಲ, ಅವರು ಹಾಡು ಶುರು ಮಾಡಿಬಿಟ್ಟಿದ್ದರು.

ಪೆಟ್ಟಿಗೆ ಅಡುಗೆಮನೆಯಿಂದ ಹೊರಬಂತು. ಮಶಾಯಾ ಮುಂದೆ, ರೇವಾಯಿಯ ಅಳಿಯಂದಿರು ಪಕ್ಕದಲ್ಲಿ. ಹಿಂದಿನ ಎಡಗಡೆ ಹಿಡಿಯಲು ಒಬ್ಬ ಕಡಿಮೆ ಬಿದ್ದ. ಎನೋಕ ಕಾಗದವನ್ನು ಜೇಬಿಗೆ ತುರುಕಿ, ಕೋಟು ಬಿಚ್ಚಿ ನೆಲಕ್ಕೆ ಹಾಕಿ, ಬಂದು ಹೆಗಲು ಕೊಟ್ಟ. "ಎಲ್ಲಿಗೆ, ಚಿಕ್ಕಮ್ಮ?" ಎಂದ.

"ನಿಮ್ಮಪ್ಪನ ಹತ್ರ," ಎಂದಳು ರೇವಾಯಿ.

ಪೆಟ್ಟಿಗೆ ಬಾಗಿಲಿನ ಕಡೆ ಹೋಗಲಿಲ್ಲ. ದನದ ಕೊಟ್ಟಿಗೆಯ ಹಿಂದಿನಿಂದ, ತೊಬಾಯಸ್‌ನ ಪಕ್ಕದಲ್ಲಿ ಗುಂಡಿ ತೋಡಿದ್ದ ದಿಬ್ಬದ ಕಡೆಗೆ ತಿರುಗಿತು. ಅಂಗಳದ ಅರ್ಧ ಜನ ಎದ್ದು ಹಿಂದೆ ಹೊರಟರು. ಹಾಡು ಹೇಳಿಕೊಡುವವರಿರಲಿಲ್ಲ. ರೇವಾಯಿಯೇ ಎತ್ತಿಕೊಂಡಳು, ಗಂಟಲು ಹರಿಯುವಷ್ಟು ಎತ್ತರದಲ್ಲಿ, ಸಂಘದವರು ಕೇಳಿದರೆ ಕಿವಿ ಮುಚ್ಚಿಕೊಳ್ಳುವ ಶ್ರುತಿಯಲ್ಲಿ.

ತಿರುವಿನಲ್ಲಿ ಅವಳು ಒಮ್ಮೆ ಹಿಂದೆ ನೋಡಿದಳು. ಎರಡು ಕೆಂಪು ಸಾಲುಗಳು ಹಾಗೆಯೇ ನಿಂತಿದ್ದವು, ನಡುವೆ ಪೆಟ್ಟಿಗೆಯಷ್ಟು ಅಗಲದ ಖಾಲಿ ದಾರಿ. ಹಾಡಬೇಕೋ ನಿಲ್ಲಿಸಬೇಕೋ ತಿಳಿಯದೆ ಹೆಂಗಸರೆಲ್ಲ ಮಾಯಿ ಮುತ್ಸಾಗೊಳ ಮುಖ ನೋಡುತ್ತಿದ್ದರು. ಮಾಯಿ ಮುತ್ಸಾಗೊ ಪಾದ್ರಿಯ ಮುಖ ನೋಡುತ್ತಿದ್ದಳು. ಪಾದ್ರಿ ದೊಡ್ಡ ಪಾದ್ರಿಗಳ ಕಾರು ಬಂತೇನೋ ಎಂದು ರಸ್ತೆ ನೋಡುತ್ತಿದ್ದರು. ಪೆಟ್ಟಿಗೆ ಹೊತ್ತವರು ಮಾತ್ರ ಯಾರನ್ನೂ ನೋಡುತ್ತಿರಲಿಲ್ಲ. ದಿಬ್ಬದ ದಾರಿ ಏರು, ಕಾಲಡಿಯಲ್ಲಿ ಬರೀ ಕಲ್ಲು.